ವೈದ್ಯರಿಗೆ ಹೇಳದೆ ಹಾಕಿಸಿದ ಡ್ರಿಪ್: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ವಯಸ್ಸು ಮುಂತಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು 62 ವರ್ಷದ ನಿವೃತ್ತ ಶಿಕ್ಷಕರು. ದೊಡ್ಡ ಕರುಳಿನ ಕ್ಯಾನ್ಸರ್ ಮೂರನೆಯ ಹಂತದಲ್ಲಿ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿಯ ನಾಲ್ಕು ಸೈಕಲ್‌ಗಳು ಮುಗಿದಿದ್ದವು. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಬೆರಳ ತುದಿಗಳು ಜುಮುಗುಡುತ್ತಿದ್ದವು, ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಇನ್ನು ಕೀಮೋ ಬೇಡವೆನ್ನುತ್ತಿದ್ದಾರೆ, ನೀವಾದರೂ ಒಪ್ಪಿಸಿ ಎಂದು ಹೆಂಡತಿ ಅವರನ್ನು ನನ್ನಲ್ಲಿಗೆ ಕರೆತಂದಿದ್ದರು. ಆ ದಿನ ಮೇಷ್ಟ್ರು ಹೆಚ್ಚು ಮಾತನಾಡಲಿಲ್ಲ.

ಎರಡನೆಯ ಭೇಟಿಗೆ ಮಗ ಒಬ್ಬರೇ ಬಂದರು. ಮೂರು ವಾರಗಳಿಂದ ವಾರಕ್ಕೆರಡು ಬಾರಿ ತಂದೆಯನ್ನು ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದು, ಹೆಚ್ಚಿನ ಪ್ರಮಾಣದ ವಿಟಮಿನ್ ಸಿಯನ್ನು ರಕ್ತನಾಳದ ಮೂಲಕ ಕೊಡಿಸುತ್ತಿದ್ದುದನ್ನು ಅಂದು ಹೇಳಿದರು. ಕ್ಯಾನ್ಸರ್ ವೈದ್ಯರಿಗೆ ಇದು ತಿಳಿದಿರಲಿಲ್ಲ. "ಹೇಳಿದರೆ ಬೈತಾರೆ, ಟ್ರೀಟ್‌ಮೆಂಟೇ ಕೊಡಲ್ಲ ಅಂತಾರೇನೋ ಅನ್ನೋ ಭಯ ಮೇಡಂ" ಎಂದರು.

ಮಾತಿನ ನಡುವೆ ಅವರು ಹೇಳಿದ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಡ್ರಿಪ್ ಹಾಕಿಸಿ ಬಂದ ಒಂದು ಸಂಜೆ ಮನೆಯ ಗ್ಲೂಕೋಮೀಟರ್ ನಾನೂರಕ್ಕೂ ಮೇಲೆ ತೋರಿಸಿತ್ತು. ಗಾಬರಿಯಾದ ಮಗ ಹೆಚ್ಚುವರಿ ಇನ್ಸುಲಿನ್ ಕೊಡಲು ಪೆನ್ನು ಕೈಗೆತ್ತಿಕೊಂಡಿದ್ದರು. "ಬೆಳಗಿನಿಂದ ಎರಡು ಇಡ್ಲಿ ಬಿಟ್ಟು ಏನೂ ತಿಂದಿಲ್ಲ, ಸಕ್ಕರೆ ಎಲ್ಲಿಂದ ಬರುತ್ತೆ" ಎಂದು ತಾಯಿ ಕೈ ಹಿಡಿದು ತಡೆದರು. ಮರುದಿನ ಬೆಳಿಗ್ಗೆ ಲ್ಯಾಬಿನ ವರದಿಯಲ್ಲಿ ಸಕ್ಕರೆ ಹತೋಟಿಯಲ್ಲೇ ಇತ್ತು. ಯಂತ್ರ ಕೆಟ್ಟಿದೆಯೆಂದು ಅವರು ಹೊಸದೊಂದನ್ನು ಕೊಂಡಿದ್ದರು.

ಯಂತ್ರ ಕೆಟ್ಟಿರಲಿಲ್ಲ. ರಕ್ತದ ಗ್ಲೂಕೋಸ್ ಸ್ಟ್ರಿಪ್ಪಿನ ಮೇಲೆ ಪ್ರತಿಕ್ರಿಯಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅಳೆದು ಮೀಟರ್ ಸಕ್ಕರೆಯ ಅಂಕಿ ತೋರಿಸುತ್ತದೆ. ವಿಟಮಿನ್ ಸಿ ಕೂಡ ಅಲ್ಲಿ ಅಂಥದೇ ವಿದ್ಯುತ್ತನ್ನು ಹುಟ್ಟಿಸುವುದರಿಂದ, ಡ್ರಿಪ್ ಆದ ಮೇಲೆ ಹಲವು ಗಂಟೆಗಳವರೆಗೆ ಎಷ್ಟೋ ಮೀಟರ್‌ಗಳು ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತವೆ. ಆ ಅಂಕಿಯನ್ನು ನಂಬಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆ ಸಂಜೆ ಮೇಷ್ಟ್ರನ್ನು ಉಳಿಸಿದ್ದು ತಾಯಿಯ ಲೆಕ್ಕಾಚಾರ. ಇದನ್ನು ವಿವರಿಸಿದಾಗ ಮಗ ತಲೆತಗ್ಗಿಸಿ ಅತ್ತರು. ಅವರನ್ನು ದೂರುವ ಮನಸ್ಸು ನನಗಿರಲಿಲ್ಲ. ಡ್ರಿಪ್ ಹಾಕುವ ಮುನ್ನ ಈ ಎಚ್ಚರಿಕೆಯನ್ನು ಕೊಡಬೇಕಾದವರು ಕೊಟ್ಟಿರಲಿಲ್ಲ.

ಮಗನ ಮೊಬೈಲಿನಲ್ಲಿ ಒಂದು ಸುದ್ದಿಯಿತ್ತು, ಅದು ಸುಳ್ಳಾಗಿರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇದೋಜೀರಕ ಗ್ರಂಥಿಯ ಹರಡಿದ ಕ್ಯಾನ್ಸರ್ ಇದ್ದವರಿಗೆ ಕೀಮೋ ಜೊತೆಗೆ 75 ಗ್ರಾಂ ವಿಟಮಿನ್ ಸಿಯನ್ನು ವಾರಕ್ಕೆ ಮೂರು ಬಾರಿ ಕೊಟ್ಟಾಗ, ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) ಸುಮಾರು 8 ತಿಂಗಳಿನಿಂದ 16 ತಿಂಗಳಿಗೆ ಏರಿತ್ತು. ಆದರೆ ಅಲ್ಲಿದ್ದವರು 34 ಜನ, ಕಾಯಿಲೆಯೂ ಬೇರೆ. ಕರುಳಿನ ಹರಡಿದ ಕ್ಯಾನ್ಸರ್ ಇದ್ದ 442 ಜನರ ಮೇಲೆ ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಕೀಮೋ ಜೊತೆ ವಿಟಮಿನ್ ಸಿ ಸೇರಿಸಿದ್ದರಿಂದ ಒಟ್ಟಾರೆಯಾಗಿ ಕಾಯಿಲೆಯ ಮುನ್ನಡೆ ತಡವಾಗಲಿಲ್ಲ. ಎರಡು ನೊಬೆಲ್ ಪಡೆದ ವಿಜ್ಞಾನಿ ಲೈನಸ್ ಪೌಲಿಂಗ್ 1976ರಲ್ಲಿ ಈ ವಿಟಮಿನ್ನಿನ ಪರ ನಿಂತ ಕಾಲದಿಂದಲೂ ಈ ವಾದ ನಡೆದಿದೆ; 1979 ಮತ್ತು 1985ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಪ್ರಯೋಗಗಳು ಪ್ರಯೋಜನ ಕಾಣಲಿಲ್ಲ. ಅಲ್ಲಿ ಕೊಟ್ಟದ್ದು ಬಾಯಿಯ ಮೂಲಕ, ರಕ್ತನಾಳದ ಮೂಲಕ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಹತ್ತಾರು ಪಟ್ಟು ಏರುತ್ತದೆ ಎಂಬ ಉತ್ತರವೂ ನಿಜವೇ. ಪ್ರಶ್ನೆ ಇನ್ನೂ ಸಂಶೋಧಕರ ಮುಂದಿದೆ. ನಿಮ್ಮ ತಂದೆಯ ಕೀಮೋ ಬಿಡಿಸುವಷ್ಟು ಬಲ ಆ ಉತ್ತರಕ್ಕೆ ಬಂದಿಲ್ಲ ಎಂದು ಅವರಿಗೆ ಹೇಳಿದೆ.

ಮುಂದಿನ ಕೀಮೋಗೆ ಮುನ್ನ ವೈದ್ಯರಿಗೆ ಎಲ್ಲವನ್ನೂ ತಿಳಿಸಬೇಕು, ಅಲ್ಲಿಯವರೆಗೆ ಡ್ರಿಪ್ ಬೇಡ ಎಂಬುದು ನನ್ನ ಮೊದಲ ಸಲಹೆಯಾಗಿತ್ತು. ಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ ಎಂದೆ. ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಎಂಬ ಹರಳುಗಟ್ಟುವ ವಸ್ತುವಾಗಿ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳಬಹುದು. ಬಹುಕಾಲದ ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವವರಲ್ಲಿ ಇಂಥ ಡ್ರಿಪ್‌ನಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಡ್ರಿಪ್ ಹಾಕುವ ಮುನ್ನ ಕ್ಲಿನಿಕ್ಕಿನಲ್ಲಿ ಮೇಷ್ಟ್ರಿಗೆ ಮೂತ್ರಪಿಂಡದ ಪರೀಕ್ಷೆಯಾಗಲಿ ಜಿ6ಪಿಡಿ ಪರೀಕ್ಷೆಯಾಗಲಿ ಆಗಿರಲಿಲ್ಲ.

ಮೂರನೆಯ ಭೇಟಿಯಲ್ಲಿ ಮೇಷ್ಟ್ರನ್ನು ಒಬ್ಬರನ್ನೇ ಕೂರಿಸಿಕೊಂಡು ಡ್ರಿಪ್ ಬಗ್ಗೆ ಅವರ ಅಭಿಪ್ರಾಯ ಕೇಳಿದೆ. "ನನಗೆ ನಂಬಿಕೆಯೇನೂ ಇರಲಿಲ್ಲ. ಮಗ ಅಷ್ಟು ಓಡಾಡ್ತಾನೆ, ಬೇಡ ಅಂದರೆ ನೊಂದುಕೊಳ್ತಾನೆ ಅಂತ ಹೋದೆ" ಎಂದರು. ಬೆರಳಿನ ನೋವನ್ನೂ ಅವರು ವೈದ್ಯರಿಗೆ ಪೂರ್ತಿಯಾಗಿ ಹೇಳಿರಲಿಲ್ಲ. ಸುಮ್ಮನೆ ಸಹಿಸಿಕೊಂಡು, ಕೊನೆಗೆ ಕೀಮೋವನ್ನೇ ಬಿಡಲು ಹೊರಟಿದ್ದರು.

ವೈದ್ಯರು ಬೈಯಲಿಲ್ಲ. ರಕ್ತಪರೀಕ್ಷೆ ಮಾಡಿಸಿ, ಡ್ರಿಪ್ ನಿಲ್ಲಿಸಲು ಹೇಳಿ, ಜುಮುಗುಡುವಿಕೆಗೆ ಕಾರಣವಾಗಿದ್ದ ಆಕ್ಸಾಲಿಪ್ಲಾಟಿನ್ ಔಷಧಿಯ ಪ್ರಮಾಣವನ್ನು ಇಳಿಸಿ, ಉಳಿದದ್ದನ್ನು ಮುಂದುವರಿಸಿದರು. ಸಕ್ಕರೆಯ ಅಂಕಿ, ತೂಕ, ಬೆರಳುಗಳ ಸ್ಥಿತಿಯನ್ನು ದಿನವೂ ಬರೆದಿಡುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾರೆ. ಕೀಮೋ ಮುಗಿದ ಮೇಲೆ ಡ್ರಿಪ್ ಹಾಕಿಸಬಹುದೇ ಎಂದು ಅವರು ಈಗಲೂ ನನ್ನನ್ನು ಕೇಳುತ್ತಾರೆ. ಅದನ್ನು ತಂದೆಯ ಎದುರಿನಲ್ಲಿ ವೈದ್ಯರನ್ನೇ ಕೇಳಬೇಕೆಂದು ಹೇಳಿದ್ದೆ. ಕಳೆದ ಭೇಟಿಯಲ್ಲಿ ಕೇಳಿದರು.