ದೊಡ್ಡ ಹಾರಾಟಕ್ಕೇ ಅಪ್‌ಗ್ರೇಡ್ ಉಳಿಸಿಕೊಳ್ಳಿ

ಪ್ರಶ್ನೆ: ಡೆನ್ವರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ, ಅಲ್ಲಿಂದ ಸಿಡ್ನಿ. ಎಕಾನಮಿ ಟಿಕೆಟ್. ವಿಮಾನ ಕಂಪನಿಯ ಪಾಯಿಂಟ್ಸ್ ಕೊಟ್ಟು ಬಿಸಿನೆಸ್ ಕ್ಲಾಸ್‌ಗೆ ಅಪ್‌ಗ್ರೇಡ್ ಕೇಳಿ ಎರಡು ತಿಂಗಳಾಯಿತು. ಮೊದಲ ವಿಮಾನಕ್ಕೆ ಸಿಕ್ಕಿದೆ, ಸಿಡ್ನಿ ವಿಮಾನಕ್ಕೆ ಇನ್ನೂ ವೇಟ್‌ಲಿಸ್ಟ್. ಸೀಟ್ ಮ್ಯಾಪ್ ನೋಡಿದರೆ ಬಿಸಿನೆಸ್ ಅರ್ಧಕ್ಕರ್ಧ ಖಾಲಿ ಇದೆ. ಏನಿದು?

ಉತ್ತರ: ಸೀಟ್ ಮ್ಯಾಪ್ ನಂಬಬೇಡಿ. ಅಲ್ಲಿ ಖಾಲಿ ಕಂಡರೆ ಆ ಸೀಟನ್ನು ಇನ್ನೂ ಯಾರೂ ಆರಿಸಿಕೊಂಡಿಲ್ಲ ಅಂತ ಅಷ್ಟೇ ಅರ್ಥ, ಮಾರಾಟವಾಗಿಲ್ಲ ಅಂತಲ್ಲ. ಮಾರಾಟವಾಗದೇ ಉಳಿದಿದ್ದರೂ ಕಂಪನಿ ಅದನ್ನು ಅಪ್‌ಗ್ರೇಡ್‌ಗೆ ಬಿಡಲೇಬೇಕು ಅಂತೇನಿಲ್ಲ. ಕೊನೇ ವಾರದಲ್ಲಿ ಪೂರ್ತಿ ದುಡ್ಡು ಕೊಟ್ಟು ಹೋಗುವವರಿಗಾಗಿ ಕಾಯುತ್ತದೆ. ಟಿಕೆಟ್ ಮಾರುವಾಗ ಕಂಪನಿ ಪ್ರತಿ ಬಗೆಯ ದರಕ್ಕೂ ಒಂದು ಅಕ್ಷರ ಇಟ್ಟಿರುತ್ತದೆ, ಹಾಗೆಯೇ ಅಪ್‌ಗ್ರೇಡ್‌ಗೂ ಬೇರೆ ಖಾನೆ ಇದೆ. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಅದು ಪಿಝಡ್, ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಸಿ. ಆ ಖಾನೆಯಲ್ಲಿ ಸೊನ್ನೆ ಇದ್ದರೆ ಕ್ಯಾಬಿನ್‌ನಲ್ಲಿ 20 ಸೀಟು ಖಾಲಿ ಇದ್ದರೂ ನಿಮ್ಮ ಹೆಸರು ಮುಂದೆ ಹೋಗುವುದಿಲ್ಲ.

ಇನ್ನೊಂದು ವಿಷಯ, ವೇಟ್‌ಲಿಸ್ಟ್ ಅಂದರೆ ಬಂದವರ ಸಾಲು ಅಲ್ಲ. ಸಾಮಾನ್ಯವಾಗಿ ಮೊದಲು ಕಂಪನಿಯ ಪಾಯಿಂಟ್ಸ್ ಯೋಜನೆಯಲ್ಲಿ ನಿಮ್ಮ ಸದಸ್ಯತ್ವದ ದರ್ಜೆ, ಆಮೇಲೆ ಟಿಕೆಟ್ಟಿನ ದರ, ಎಲ್ಲ ಸಮ ಇದ್ದರೆ ಮಾತ್ರ ಯಾವಾಗ ಕೇಳಿದಿರಿ ಎಂಬುದು ಲೆಕ್ಕಕ್ಕೆ ಬರುತ್ತದೆ. ಎರಡು ತಿಂಗಳಿಂದ ನೀವು ಕಾದಿದ್ದರೂ ನಿನ್ನೆ ಟಿಕೆಟ್ ತೆಗೆದ ದೊಡ್ಡ ದರ್ಜೆಯ ಸದಸ್ಯರು ನಿಮಗಿಂತ ಮೇಲೆ ಕೂರುತ್ತಾರೆ. ಬೇಜಾರಿನ ಸಂಗತಿ, ಆದರೆ ನಿಯಮ ಹಾಗಿದೆ.

ಹಾಗಾಗಿ ಮುಂದಿನ ಸಲ ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ, ಈ ವಿಮಾನದಲ್ಲಿ ಅಪ್‌ಗ್ರೇಡ್ ಈಗಲೇ ಖಾತ್ರಿ ಆಗುತ್ತದಾ, ಅಥವಾ ಕಾಯಬೇಕಾ ಅಂತ ನೇರವಾಗಿ ಕೇಳಿ. ಇವತ್ತು ಇಲ್ಲ ಅಂದರೆ ಮರುದಿನದ್ದು ಕೇಳಿ, ಸ್ಯಾನ್ ಫ್ರಾನ್ಸಿಸ್ಕೋ ಬದಲು ಲಾಸ್ ಏಂಜಲೀಸ್ ಮೂಲಕ ಹೋದರೆ ಹೇಗೆ ಅಂತ ಕೇಳಿ. ಹೇಗಿದ್ದರೂ ಮಧ್ಯದಲ್ಲಿ ಒಂದು ಕಡೆ ಇಳಿಯಲೇಬೇಕು, ಅಲ್ವಾ? ಎಲ್ಲಿ ಇಳಿಯಬೇಕು ಅನ್ನುವುದನ್ನು ಸಾಗರ ದಾಟುವ ವಿಮಾನದಲ್ಲಿ ಸೀಟು ಎಲ್ಲಿ ಸಿಗುತ್ತದೆ ಅಂತ ನೋಡಿ ತೀರ್ಮಾನಿಸಿ. ಎರಡೂವರೆ ಗಂಟೆಯ ಡೆನ್ವರ್ ಹಾರಾಟಕ್ಕೆ ಅಪ್‌ಗ್ರೇಡ್ ಸಿಕ್ಕಿ, ಸುಮಾರು 12,000 ಕಿಲೋಮೀಟರ್ ದೂರದ ಸಿಡ್ನಿಗೆ ಸಿಗದಿದ್ದರೆ ಏನು ಬಂತು?

ಟಿಕೆಟ್ ಮೇಲೆ ಒಂದು ಕಂಪನಿಯ ನಂಬರ್ ಇದ್ದು ವಿಮಾನ ಹಾರಿಸುವುದು ಇನ್ನೊಂದು ಕಂಪನಿ ಆಗಿದ್ದರೆ ನಿಮ್ಮ ಪಾಯಿಂಟ್ಸ್ ಅಲ್ಲಿ ನಡೆಯದೇ ಹೋಗಬಹುದು, ಅದನ್ನೂ ಮೊದಲೇ ವಿಚಾರಿಸಿ. ತೀರಾ ಅಗ್ಗದ ಬೇಸಿಕ್ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ ಅಪ್‌ಗ್ರೇಡೇ ಇಲ್ಲ. ನನ್ನನ್ನು ಕೇಳಿದರೆ, ಇಷ್ಟು ದೂರಕ್ಕೆ ಪ್ರೀಮಿಯಂ ಎಕಾನಮಿ ಕೊಂಡು ಅಲ್ಲಿಂದ ಮೇಲಕ್ಕೆ ಕೇಳುವುದು ಒಳ್ಳೆಯದು. ಎಕಾನಮಿಯಲ್ಲಿ ಸೀಟಿನಿಂದ ಸೀಟಿಗೆ ಸುಮಾರು 31 ಇಂಚು ಅಂತರ, ಪ್ರೀಮಿಯಂನಲ್ಲಿ ಸುಮಾರು 38. ಅಪ್‌ಗ್ರೇಡ್ ಸಿಗದಿದ್ದರೂ 15 ಗಂಟೆ ಮೊಣಕಾಲು ಒತ್ತಿಕೊಂಡು ಕೂರಬೇಕಾಗಿಲ್ಲ.

ಪ್ರಶ್ನೆ: ನಾನು, ನನ್ನ ಹೆಂಡತಿ ಒಂದೇ ಬುಕಿಂಗ್‌ನಲ್ಲಿದ್ದೇವೆ. ಒಂದೇ ಸೀಟು ಖಾಲಿ ಆದರೆ ಏನಾಗುತ್ತದೆ?

ಉತ್ತರ: ಸಾಮಾನ್ಯವಾಗಿ ಇಬ್ಬರಿಗೂ ಸಿಗುವುದಿಲ್ಲ, ಆ ಒಂದು ಸೀಟು ಪಟ್ಟಿಯಲ್ಲಿ ನಿಮ್ಮ ಹಿಂದಿನವರಿಗೆ ಹೋಗುತ್ತದೆ. ಒಬ್ಬರಿಗಾದರೂ ಸಿಗಲಿ ಅನ್ನುವುದಾದರೆ ಬುಕಿಂಗ್ ಬೇರೆ ಮಾಡಿಸಬಹುದು. ಆದರೆ ಆಗ ವಿಮಾನ ತಪ್ಪಿದರೆ ಇಬ್ಬರನ್ನೂ ಬೇರೆ ಬೇರೆ ವಿಮಾನಕ್ಕೆ ಹಾಕುವ ಸಾಧ್ಯತೆ ಇದೆ. ಬೇರೆ ಮಾಡಿಸಿದರೂ ಒಂದು ಬುಕಿಂಗ್‌ನಲ್ಲಿ ಇನ್ನೊಂದರ ನಂಬರ್ ಬರೆಸಿಡಿ. ಇಬ್ಬರೂ ಒಟ್ಟಿಗೇ ಕೂರಬೇಕು ಅಂತಿದ್ದರೆ ಸುಮ್ನೆ ಒಂದೇ ಬುಕಿಂಗ್‌ನಲ್ಲಿರಿ.

ಪ್ರಶ್ನೆ: ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ಬಂದು ಒಂದೂವರೆ ಗಂಟೆಯಲ್ಲಿ ಡಲ್ಲಾಸ್ ವಿಮಾನ ಹಿಡಿಯಬೇಕು. ಕಂಪನಿಯೇ ಮಾರುತ್ತಿದೆ, ಅಂದರೆ ಸಾಕು ಅಂತ ತಾನೆ?

ಉತ್ತರ: ಪ್ರತಿ ವಿಮಾನ ನಿಲ್ದಾಣಕ್ಕೂ ಇಷ್ಟು ನಿಮಿಷ ಇದ್ದರೆ ಕನೆಕ್ಷನ್ ಮಾರಬಹುದು ಅಂತ ಒಂದು ಕನಿಷ್ಠ ಸಮಯ ಇದೆ. ಅದು ಎಲ್ಲ ಸರಿಯಾಗಿ ನಡೆದ ದಿನದ ಲೆಕ್ಕ. ಅಮೆರಿಕಕ್ಕೆ ಹೊರಗಿನಿಂದ ಬಂದಾಗ ಸಾಮಾನ್ಯವಾಗಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಬೇಕು. ಲಗೇಜ್ ಮೇಲೆ ಡಲ್ಲಾಸ್ ಅಂತ ಟ್ಯಾಗ್ ಇದ್ದರೂ ಸಾಮಾನ್ಯವಾಗಿ ಅಲ್ಲೇ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಮತ್ತೊಂದು ಸಲ ಸೆಕ್ಯುರಿಟಿ ತಪಾಸಣೆಗೆ ನಿಲ್ಲಬೇಕು. ಅದೇ ಹೊತ್ತಿಗೆ ನಾಲ್ಕು ದೊಡ್ಡ ವಿಮಾನ ಇಳಿದಿದ್ದರೆ ಇಮಿಗ್ರೇಷನ್ ಸಾಲೇ ಒಂದು ಗಂಟೆ ತಿನ್ನುತ್ತದೆ. ನಾನಾಗಿದ್ದರೆ ಮೂರು ಗಂಟೆ ಇಟ್ಟುಕೊಳ್ಳುತ್ತೇನೆ, ಆ ದಿನದ ಕೊನೆಯ ವಿಮಾನವನ್ನಂತೂ ತೆಗೆದುಕೊಳ್ಳುವುದಿಲ್ಲ.

ಇದಕ್ಕಿಂತ ಮುಖ್ಯ, ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಕಂಪನಿಯ ಹೊಣೆ. ನಾನು ಒಮ್ಮೆ ಸ್ವಲ್ಪ ಅಗ್ಗ ಅಂತ ಎರಡು ಬೇರೆ ಟಿಕೆಟ್ ತೆಗೆದಿದ್ದೆ. ಮೊದಲ ವಿಮಾನ ಎರಡು ಗಂಟೆ ತಡ. ಓಡಿ ಹೋಗಿ ಎರಡನೇ ಕಂಪನಿಯ ಕೌಂಟರ್‌ನಲ್ಲಿ ನಿಂತರೆ, ನೀವು ಬರಲಿಲ್ಲ, ಟಿಕೆಟ್ ಮುಗಿದಿದೆ ಅಂದರು. ಹೊಸ ಟಿಕೆಟ್ ಕೊಂಡೆ. ಆ ರಾತ್ರಿ ಆದ ಸಂಕಟ ಇವತ್ತಿಗೂ ಮರೆತಿಲ್ಲ.

ಅಪ್‌ಗ್ರೇಡ್ ಸಿಕ್ಕವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಕನೆಕ್ಷನ್ ತಪ್ಪಿ ಬೇರೆ ವಿಮಾನಕ್ಕೆ ಹಾಕಿದಾಗ ನೀವು ದುಡ್ಡು ಕೊಟ್ಟು ಕೊಂಡ ಕ್ಲಾಸ್ ಸಿಗುತ್ತದೆ, ಅಪ್‌ಗ್ರೇಡ್ ಜೊತೆಗೆ ಬರುತ್ತದೆ ಅಂತ ಹೇಳುವಂತಿಲ್ಲ. ತಿಂಗಳುಗಟ್ಟಲೆ ಕಾದು ಪಡೆದ ಮಲಗುವ ಸೀಟು 40 ನಿಮಿಷ ಉಳಿಸಲು ಹೋಗಿ ಕೈಬಿಡಬಾರದು. ಹೋಗುವಾಗ ಒಂದು ವಿಮಾನ ಮೊದಲೇ ಹೊರಟುಬಿಡಿ.

ಟೋಕಿಯೋ ಮೂಲಕ ಹೋಗುವವರಿಗೂ ಒಂದು ಮಾತು. ಅಲ್ಲಿ ನರೀಟಾ, ಹನೇಡಾ ಅಂತ ಎರಡು ನಿಲ್ದಾಣ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಆದರೆ ಜಪಾನ್ ಒಳಗೆ ಬಂದು ಊರು ದಾಟಬೇಕು, ವೀಸಾ ಬೇಕಾದವರಿಗೆ ಅದೂ ಬೇಕು. ಅಮೆರಿಕದಲ್ಲಂತೂ ಬರೀ ವಿಮಾನ ಬದಲಿಸುವ ಹೊರದೇಶದವರಿಗೂ ಸಾಮಾನ್ಯವಾಗಿ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ದೇಶಗಳವರು ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ಇರಲೇಬೇಕು.

ಪ್ರಶ್ನೆ: ಒಂದು ಕಡೆಗೆ ಸಾಲುವಷ್ಟೇ ಪಾಯಿಂಟ್ಸ್ ಇವೆ. ಹೋಗುವಾಗ ಬಳಸಲಾ, ಬರುವಾಗಲಾ?

ಉತ್ತರ: ಉದಾಹರಣೆಗೆ, ಲಾಸ್ ಏಂಜಲೀಸ್‌ನಿಂದ ಟೋಕಿಯೋಗೆ ಹೋಗಲು ಸುಮಾರು ಹನ್ನೊಂದೂವರೆ ಗಂಟೆ, ಬರಲು ಸುಮಾರು ಹತ್ತು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬರುವಾಗ ಹಿಂದಿನಿಂದ ತಳ್ಳುತ್ತದೆ. ಹಾಗಂತ ಉದ್ದದ ಕಡೆಗೇ ಬಳಸಿ ಅಂತ ಹೇಳಲಾರೆ. ಯಾವ ವಿಮಾನ ರಾತ್ರಿ ಹಾರಿ ಬೆಳಿಗ್ಗೆ ಇಳಿಯುತ್ತದೋ, ಇಳಿದ ದಿನವೇ ಎಲ್ಲಿ ಕೆಲಸಕ್ಕೆ ಕೂರಬೇಕೋ, ಅದಕ್ಕೆ ಬಳಸಿ. ಹಗಲು ಹಾರುವ ವಿಮಾನದಲ್ಲಿ ಹಾಸಿಗೆಯಾಗುವ ಸೀಟು ಇದ್ದೂ ಅರ್ಧ ಉಪಯೋಗ. ಇಳಿಯುವ ತಾರೀಖನ್ನೂ ನೋಡಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಮವಾರ ರಾತ್ರಿ ಹತ್ತಿದರೆ ಸಿಡ್ನಿಯಲ್ಲಿ ಬುಧವಾರ ಬೆಳಿಗ್ಗೆ ಆಗಿರುತ್ತದೆ. ಮುಂದಿನ ಟಿಕೆಟ್ಟನ್ನು ಮಂಗಳವಾರಕ್ಕೆ ತೆಗೆದಿಟ್ಟವರು ಇದ್ದಾರೆ.

ಪ್ರಶ್ನೆ: ಅಪ್‌ಗ್ರೇಡ್‌ಗೆ ಎಷ್ಟು ದುಡ್ಡು ಕೊಡುತ್ತೀರಿ ಅಂತ ಹೇಳಿ ಬಿಡ್ ಮಾಡಿ ಅಂತ ಕಂಪನಿಯಿಂದ ಇಮೇಲ್ ಬಂದಿದೆ. ಮಾಡಬಹುದಾ?

ಉತ್ತರ: ಮಾಡಿ, ಆದರೆ ಓದಿ ಮಾಡಿ. ಸಾಮಾನ್ಯವಾಗಿ ಅದು ಒಬ್ಬರಿಗೆ, ಒಂದು ಹಾರಾಟಕ್ಕೆ. ಇಬ್ಬರಾದರೆ ಎರಡು ಪಟ್ಟು. ಲೌಂಜ್ ಸೇರಿದೆಯಾ ನೋಡಿ. ಮೈಲ್ಸ್, ಅಂದರೆ ಹಾರಿದ್ದಕ್ಕೆ ಸಿಗುವ ಪಾಯಿಂಟ್ಸ್, ಹೆಚ್ಚಾಗಿ ಹಳೇ ಟಿಕೆಟ್ಟಿನ ಲೆಕ್ಕದಲ್ಲೇ ಬರುತ್ತದೆ. ಚಿಕ್ಕ ಹಾರಾಟಕ್ಕೆ ಬಿಡ್ ಬೇಡ, ಸಾಗರ ದಾಟುವುದಕ್ಕೆ ಮಾತ್ರ ಹಾಕಿ.