ಗುಳೆ ಹೋದವರ ಓಟು

(ಕಳೆದ ಸಂಚಿಕೆಯಲ್ಲಿ, ಹವಾಮಾನ ಬದಲಾವಣೆಯನ್ನು ಎದುರಿಸುವ ಕೆಲಸ ಮುಂದೆ ಸಾಗಬೇಕಾದರೆ ಓಟು ಹಾಕುವುದು ಎಲ್ಲರಿಗೂ ಸುಲಭವಾಗಬೇಕು ಎಂದು ಬರೆದಿದ್ದೆ. ಅದನ್ನು ಓದಿ ರಾಯಚೂರು ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಹೀಗೆ ಕೇಳಿದ್ದಾರೆ: "ಮತಗಟ್ಟೆ ಹತ್ತಿರ ತಂದರೆ ಮಳೆ ಬರುತ್ತದೆಯೇ? ಎಷ್ಟೋ ಸಲ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಜನ ಜಾತಿ ನೋಡಿ, ದುಡ್ಡು ನೋಡಿ ಓಟು ಹಾಕುತ್ತಾರೆ. ನೀವು ಸುಮ್ನೆ ಗಿಡ ನೆಡಿ ಅಂತ ಬರೆಯಿರಿ.")

ಮೇಷ್ಟ್ರೇ, ನಮಸ್ಕಾರ.

ಮಳೆ ಬರುವುದಿಲ್ಲ, ಒಪ್ಪಿದೆ. ಆದರೆ ಮಳೆ ಬಾರದ ವರ್ಷ ಏನಾಗುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಎಂದು ಘೋಷಿಸಿತು. ನಿಮ್ಮ ಕಡೆ ಮನೆಗಳಿಗೆ ಬೀಗ ಬಿತ್ತು. ಜನ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೊರಟರು. ಮರುವರ್ಷ ಲೋಕಸಭೆ ಚುನಾವಣೆ ಬಂತು. ಏಪ್ರಿಲ್ 26ಕ್ಕೆ ಬೆಂಗಳೂರು ಓಟು ಹಾಕಿತು. ಇಲ್ಲಿ ತಗಡಿನ ಶೆಡ್‌ನಲ್ಲಿದ್ದ ಎಷ್ಟೋ ಜನರ ಹೆಸರು ಇಲ್ಲಿನ ಪಟ್ಟಿಯಲ್ಲಿರಲಿಲ್ಲ. ಮೇ 7ಕ್ಕೆ ರಾಯಚೂರು ಓಟು ಹಾಕಿತು. ಅಲ್ಲಿ ಹೆಸರಿತ್ತು, ಆದರೆ ಅವರು ಊರಲ್ಲಿರಲಿಲ್ಲ.

ಮತದಾನದ ದಿನ ಸಂಬಳದ ರಜೆ ಕೊಡಬೇಕು ಅಂತ ಕಾನೂನಿದೆ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಆದರೆ ರಜೆ ಒಂದು ದಿನದ್ದು. ಊರಿಗೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ಬಸ್ ಚಾರ್ಜು ಬೇರೆ. ತಪ್ಪಿಸಿಕೊಂಡರೆ ಮೇಸ್ತ್ರಿ ಮತ್ತೆ ಕೆಲಸಕ್ಕೆ ಕರೆಯುತ್ತಾನೋ ಇಲ್ಲವೋ. ಇಷ್ಟೆಲ್ಲ ಲೆಕ್ಕ ಹಾಕಿ ಸುಮ್ಮನೆ ಉಳಿದವರನ್ನು ನಾವು 'ಓಟಿನ ಬಗ್ಗೆ ಆಸಕ್ತಿ ಇಲ್ಲದವರು' ಎಂದು ಕರೆಯುವುದು ನ್ಯಾಯವಲ್ಲ.

ನನ್ನ ಮಾತು ಇಷ್ಟೇ. ಬರದ ಪೆಟ್ಟು ಯಾರಿಗೆ ಮೊದಲು ಬೀಳುತ್ತದೋ, ಅವರ ಓಟೇ ಮೊದಲು ಕೈತಪ್ಪುತ್ತದೆ. ಊರು ಬಿಡಿಸುವುದೂ ಬರ, ಓಟು ತಪ್ಪಿಸುವುದೂ ಬರ. ಕೆರೆ ಹೂಳೆತ್ತಿ ಎಂದು ಎಲ್ಲರಿಗಿಂತ ಜೋರಾಗಿ ಕೇಳಬೇಕಾದವರು ಚುನಾವಣೆಯ ದಿನ ಊರಲ್ಲೇ ಇರುವುದಿಲ್ಲ. ಹಾಗಾದರೆ ಓಟು ಕೇಳಲು ಬಂದವರಿಗೆ ಅವರ ಕಷ್ಟ ಹೇಗೆ ಕಾಣಬೇಕು?

ಜಾತಿ, ದುಡ್ಡಿನ ಮಾತು ಹೇಳಿದಿರಿ. ಅದು ಸುಳ್ಳಲ್ಲ. ಆದರೂ ಬಡವರ ಓಟು ಲೆಕ್ಕಕ್ಕೆ ಸೇರಿದರೆ ಸರ್ಕಾರದ ಖರ್ಚು ಬದಲಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ನ ಒಂದು ಉದಾಹರಣೆ ಇದೆ. ಅಲ್ಲಿ ಮತಪತ್ರದ ಮೇಲೆ ಬರೆದು ಓಟು ಹಾಕಬೇಕಿತ್ತು. ಓದುಬರಹ ಬಾರದವರ ಓಟು ರಾಶಿರಾಶಿಯಾಗಿ ಕುಲಗೆಡುತ್ತಿತ್ತು. 1998ರಲ್ಲಿ 40,500ಕ್ಕಿಂತ ಜಾಸ್ತಿ ಮತದಾರರಿದ್ದ ಊರುಗಳಿಗೆ ಮತಯಂತ್ರ ಬಂತು. ಅಂಕಿ ಒತ್ತಿದರೆ ಅಭ್ಯರ್ಥಿಯ ಫೋಟೊ ಕಾಣುತ್ತಿತ್ತು. ಕುಲಗೆಟ್ಟ ಓಟು ಒಮ್ಮೆಲೇ ಕಡಿಮೆಯಾಯಿತು. ಥಾಮಸ್ ಫುಜಿವಾರಾ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿದರು. ಆಮೇಲೆ ಬಡವರ ಆರೋಗ್ಯಕ್ಕೆ ಸರ್ಕಾರ ಮಾಡುವ ಖರ್ಚು ಏರಿತ್ತು. ಹೆಚ್ಚು ಬಸುರಿಯರಿಗೆ ತಪಾಸಣೆ ಸಿಕ್ಕಿತು, ತೂಕ ಕಡಿಮೆಯ ಮಕ್ಕಳು ಹುಟ್ಟುವುದು ಇಳಿಯಿತು. ಆ ಮತದಾರರೇನೂ ದೊಡ್ಡ ತತ್ವ ಓದಿ ಬಂದವರಲ್ಲ. ಅವರ ಓಟು ಎಣಿಕೆಗೆ ಸಿಕ್ಕಿತು, ಅಷ್ಟೇ.

ಅದು ಆರೋಗ್ಯದ ಕತೆ, ಹವಾಮಾನದ್ದಲ್ಲ ಎಂದು ನೀವು ಹೇಳಬಹುದು. ನಿಮ್ಮ ಜಿಲ್ಲೆಯದನ್ನೇ ನೋಡಿ. ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. ಹಾರುಬೂದಿ ಅಕ್ಕಪಕ್ಕದ ಊರುಗಳಿಗೆ, ಬೆಳಕು ರಾಜ್ಯಕ್ಕೆಲ್ಲ. ಅಲ್ಲಿ ಎಷ್ಟು ವರ್ಷ ಕಲ್ಲಿದ್ದಲು ಸುಡಬೇಕು, ಬದಲಿಗೆ ಏನು ಬರಬೇಕು, ಕೆಲಸ ಕಳೆದುಕೊಂಡವರಿಗೆ ಏನು ಕೊಡಬೇಕು ಎಂಬುದೆಲ್ಲ ನಾವು ಆರಿಸಿದ ಸರ್ಕಾರಗಳ ಕೈಯಲ್ಲಿದೆ. ಗಿಡ ನೆಡಿ, ಖಂಡಿತ ನೆಡಿ. ಬೂದಿಯ ಪಕ್ಕ ಬದುಕುವವರ ಓಟನ್ನೂ ಬಿಡಬೇಡಿ.

ನಗರದ್ದೂ ಬೇರೆ ಕತೆಯಲ್ಲ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಚುನಾವಣೆ ಆಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿದಾಗ ಹೋಗಿ ಕೇಳಲು ಕಾರ್ಪೊರೇಟರ್ ಇರಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗಲೂ ಇರಲಿಲ್ಲ. ರಾಜಕಾಲುವೆ, ಕೆರೆ, ಮರ ಎಲ್ಲವೂ ವಾರ್ಡಿನ ಸಂಗತಿಗಳು. ಓಟಿನ ಹಕ್ಕು ಅಂದರೆ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯುವುದೂ ಹೌದು, ಅಲ್ವಾ?

ದಾರಿಗಳಿವೆ. ಮನೆಯಿಲ್ಲದೆ ರಸ್ತೆ ಬದಿ ಮಲಗುವವರನ್ನೂ ಪಟ್ಟಿಗೆ ಸೇರಿಸಬಹುದು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೋಗಿ ಅವರು ಅಲ್ಲೇ ಮಲಗುತ್ತಾರೆ ಎಂದು ಖಚಿತ ಮಾಡಿಕೊಂಡರೆ ವಿಳಾಸದ ದಾಖಲೆ ಬೇಡ. ಚುನಾವಣಾ ಆಯೋಗದ ನಿಯಮವೇ ಹಾಗಿದೆ. ಆದರೆ ಗುಳೆ ಬಂದವರಿಗೆ ಬೇಕಾದ್ದು ಊರಿನ ಓಟು. ಅವರ ಹೊಲ, ಕೆರೆ, ಪಡಿತರ ಎಲ್ಲ ಅಲ್ಲಿದೆ. ಇದ್ದಲ್ಲಿಂದಲೇ ಊರಿನ ಓಟು ಹಾಕಲು ಒಂದು ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಓಟು ಹಾಕಬಹುದಿತ್ತು. ಹಲವು ಪಕ್ಷಗಳು ಒಪ್ಪಲಿಲ್ಲ. ಏಜೆಂಟರು ಹೇಗೆ ಕೂರುವುದು, ಎಣಿಕೆಯನ್ನು ನಂಬುವುದು ಹೇಗೆ ಎಂಬ ಅನುಮಾನ ಸಹಜವೇ. 2024ರ ಚುನಾವಣೆಗೆ ಆ ಯಂತ್ರ ಬರಲಿಲ್ಲ. ಅನುಮಾನಗಳನ್ನು ಬಗೆಹರಿಸಿ ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು ಎಂದೇ ನನಗನ್ನಿಸುತ್ತದೆ.

ಅದಕ್ಕಿಂತ ಮೊದಲು ಪಟ್ಟಿಯಲ್ಲಿ ಹೆಸರು ಉಳಿಯಬೇಕು. ಬಿಹಾರದಲ್ಲಿ ಮತದಾರರ ಪಟ್ಟಿಯನ್ನು ಪರಿಷ್ಕರಿಸಿದಾಗ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಅದರಲ್ಲಿ ಸುಮಾರು 36 ಲಕ್ಷ ಜನ 'ಊರು ಬಿಟ್ಟವರು ಅಥವಾ ಸಿಗದವರು'. ಬಾಗಿಲಿಗೆ ಬೀಗ ಬಿದ್ದ ಮನೆಯವರೆಲ್ಲ ಊರನ್ನೇ ಬಿಟ್ಟವರಲ್ಲ ಎಂದು ನಿಮಗೆ ಗೊತ್ತು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಚುನಾವಣೆ ಕೆಲಸ ತಿಳಿದವರು ನೀವು. ನಿಮ್ಮ ಮತಗಟ್ಟೆಯ ಪಟ್ಟಿ ತೆಗೆದುಕೊಂಡು, ಗುಳೆ ಹೋದ ಮನೆಗಳು ಎಷ್ಟು, ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ. ಯಾರ ಹೆಸರೂ ಬೇಡ, ಲೆಕ್ಕ ಮಾತ್ರ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಇಟ್ಟಿರುತ್ತೇನೆ.

– ಸಂಪಾದಕ