ಓದುಗರ ಪ್ರಶ್ನೆ: ಹಳೆಯ ಮೂಳೆಯಲ್ಲಿ ಊಟದ ಗುರುತು

ಪ್ರಶ್ನೆ: ಸಾವಿರಾರು ವರ್ಷದ ಹಿಂದೆ ಸತ್ತವರು ಏನು ತಿನ್ನುತ್ತಿದ್ದರೆಂದು ಮೂಳೆ ನೋಡಿ ಹೇಗೆ ಹೇಳುತ್ತಾರೆ?

ಉತ್ತರ: ನೋಡಿ ಹೇಳುವುದಲ್ಲ, ಕರಗಿಸಿ ಅಳೆದು ಹೇಳುವುದು. ಬೇಕಾದದ್ದು ಮೂಳೆಯೊಳಗಿನ ಕೊಲಾಜೆನ್ ಎಂಬ ಪ್ರೋಟೀನು. ಅರ್ಧ ಗ್ರಾಂ ಮೂಳೆ ಸಾಕು. ಮೇಲ್ಪದರ ಕೆರೆದು, 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 4 ಡಿಗ್ರಿ ತಂಪಿನಲ್ಲಿ ಕೆಲವು ದಿನ ನೆನೆಸಿಡುತ್ತಾರೆ. ಖನಿಜವೆಲ್ಲ ಬಿಟ್ಟುಹೋಗಿ, ಅದೇ ಆಕಾರದ, ರಬ್ಬರಿನಂತೆ ಬಾಗುವ ತುಂಡು ಉಳಿಯುತ್ತದೆ. ಅವಸರಕ್ಕೆ ಆಮ್ಲ ಬಿಸಿ ಮಾಡಿದಿರೋ, ಕೊಲಾಜೆನ್ನೂ ಕರಗಿ ಚೆಲ್ಲಿಹೋಗುತ್ತದೆ. ಉಳಿದದ್ದನ್ನು ತೊಳೆದು, ಪಿಎಚ್ 3ರ ನೀರಿನಲ್ಲಿ 70 ಡಿಗ್ರಿಯಲ್ಲಿ ಎರಡು ದಿನ ಇಟ್ಟರೆ ಜೆಲಟಿನ್ ಆಗುತ್ತದೆ. ಸೋಸಿ ಹೆಪ್ಪುಗಟ್ಟಿಸಿ ಒಣಗಿಸಿದರೆ ಹತ್ತಿಯಂಥ ಬಿಳಿ ಎಳೆ ಸಿಗುತ್ತದೆ; ಕಂದು ಬಣ್ಣ ಬಂದರೆ ಮಣ್ಣಿನ ಹ್ಯೂಮಿಕ್ ಆಮ್ಲ ಸೇರಿದೆಯೆಂದು ಅನುಮಾನಿಸಬೇಕು. ಒಂದು ಮಿಲಿಗ್ರಾಂಗಿಂತ ಕಡಿಮೆ ಎಳೆಯನ್ನು ತವರದ ಪುಟ್ಟ ಬಟ್ಟಲಲ್ಲಿ ಮಡಚಿ ಸುಟ್ಟು, ಹೊರಟ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರಕ್ಕೆ, ಬಿಡುತ್ತಾರೆ.

ಯಂತ್ರ ಏನೇ ಸಂಖ್ಯೆ ಕೊಡಲಿ, ಮೊದಲು ಇಂಗಾಲ–ಸಾರಜನಕ ಪರಮಾಣು ಅನುಪಾತ ನೋಡಿ. 2.9ರಿಂದ 3.6ರೊಳಗೆ ಇಲ್ಲದಿದ್ದರೆ ಕೊಲಾಜೆನ್ ಕೆಟ್ಟಿದೆ, ಇಲ್ಲವೇ ಹಿಂದೆ ಯಾರೋ ಮೂಳೆಗೆ ಹಚ್ಚಿದ ಅಂಟು ಉಳಿದಿದೆ. ಆ ಮಾದರಿ ಬಿಟ್ಟುಬಿಡಬೇಕು. ಬಿಸಿ ಪ್ರದೇಶದ ಮೂಳೆಗಳಲ್ಲಿ ಕೊಲಾಜೆನ್ನೇ ಉಳಿಯದಿರುವುದು ಸಾಮಾನ್ಯ. ಆಗ ಹಲ್ಲಿನ ಎನಾಮಲ್ ಗತಿ.

ಐಸೊಟೋಪೆಂದರೆ ಒಂದೇ ಮೂಲವಸ್ತುವಿನ, ತೂಕ ಬೇರೆಯಾದ ಪರಮಾಣು. ಭಾರದ್ದಕ್ಕೂ ಹಗುರದ್ದಕ್ಕೂ ಇರುವ ಅನುಪಾತ ಒಂದು ಗೊತ್ತಾದ ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದೇ ಇಲ್ಲಿಯ ಅಂಕಿ. ಇಂಗಾಲದ ಐಸೊಟೋಪು ಬೆಳೆಯ ಗುಂಪು ಹೇಳುತ್ತದೆ. ಗೋಧಿ, ಭತ್ತವನ್ನೇ ನೆಚ್ಚಿದವರ ಕೊಲಾಜೆನ್ ಸುಮಾರು ಸಾವಿರಕ್ಕೆ -21, ಮೆಕ್ಕೆಜೋಳ, ಸಜ್ಜೆಯನ್ನೇ ನೆಚ್ಚಿದವರದ್ದು ಸುಮಾರು -7. ನಡುವೆ -12 ಬಂದರೆ? ಸಮುದ್ರದ ಮೀನೂ ಅದೇ ಅಂಕಿ ಕೊಡಬಲ್ಲದು. ಸಾರಜನಕದ ಐಸೊಟೋಪಿನ ಅಂಕಿ 15 ದಾಟಿದ್ದರೆ ಮೀನು ಎನ್ನಬಹುದು, 8–9 ಇದ್ದರೆ ಮೆಕ್ಕೆಜೋಳ, ಸಜ್ಜೆಯಂಥ ಧಾನ್ಯ.

ಪ್ರಶ್ನೆ: ಸಾರಜನಕ ಹೆಚ್ಚಿದ್ದರೆ ಮಾಂಸ ಹೆಚ್ಚು ತಿಂದರು ಎಂದರ್ಥವೇ?

ಉತ್ತರ: ಪತ್ರಿಕೆಗಳಲ್ಲಿ ಹಾಗೆಂದೇ ಬರೆಯುತ್ತಾರೆ, ಅದು ಅರ್ಧ ಸತ್ಯ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಏರಿದಂತೆ ಸಾರಜನಕದ ಅಂಕಿ 3ರಿಂದ 5 ಏರುತ್ತದೆ, ನಿಜ. ಆದರೆ ಗೊಬ್ಬರ ಹಾಕಿದ ಹೊಲದ ಧಾನ್ಯದಲ್ಲೂ ಅದು ಏರಿರುತ್ತದೆ. ಮೊಲೆಹಾಲು ಕುಡಿಯುವ ಮಗುವಿನ ಅಂಕಿ ತಾಯಿಯದಕ್ಕಿಂತ 2–3 ಹೆಚ್ಚಿರುತ್ತದೆ. ಅದನ್ನು ದೊಡ್ಡವರ ಪಟ್ಟಿಗೆ ಸೇರಿಸಿದರೆ ಲೆಕ್ಕ ಹಳಿ ತಪ್ಪಿತು. ಆದ್ದರಿಂದ ಅದೇ ಜಾಗದ, ಅದೇ ಕಾಲದ ದನ, ಕುರಿ, ಮೊಲದ ಮೂಳೆಗಳನ್ನೂ ಜೊತೆಗೆ ಅಳೆಯಬೇಕು. ಅವಿಲ್ಲದೆ ಮನುಷ್ಯರ ಅಂಕಿಗೆ ಅರ್ಥವಿಲ್ಲ. ಇದ್ದರೂ, ಅವರು ದನದ ಮಾಂಸ ತಿಂದರೋ ಹಾಲು ಕುಡಿದರೋ ಎಂಬುದು ಇದರಿಂದ ತಿಳಿಯದು.